ಅಪ್ಪನ ಸೈನು ಬೇಕಾಗಿದ್ದ ಕೊನೇ ದಿನ

2022, ಅಂದ್ರೆ ಮಾರಿಕಣಿವೆ ಡ್ಯಾಮು 89 ವರ್ಷ ಆದ್ಮೇಲೆ ಕೋಡಿ ಬಿದ್ದ ವರ್ಷ. ನಮ್ಮ ಚಳ್ಳಕೆರೆ ಕಡೆಯವ್ರಿಗೆ ಮಳೆಗೆ ಕಾದು ಗೊತ್ತು, ಮಳೆ ಒಂದೆರಡು ದಿನ ನಿಲ್ಲಲಪ್ಪ ಅಂತ ಬೇಡ್ಕೊಂಡಿದ್ದನ್ನ ನಾನು ನೋಡಿದ್ದು ಆ ಅಕ್ಟೋಬರ್‌ನಲ್ಲೇ. ಶೇಂಗಾ ಕಿತ್ತು ಹೊಲದಲ್ಲೇ ಗುಡ್ಡೆ ಹಾಕಿದ್ರು, ಮುಯ್ಯಾಳು, ಅಂದ್ರೆ ಕೂಲಿ ಇಲ್ದೆ ಒಬ್ರ ಹೊಲಕ್ಕೆ ಇನ್ನೊಬ್ರು ಬಂದು ದುಡಿಯೋರು, ಕೂತ್ಕೊಂಡು ಕಾಯಿ ಬಿಡಿಸ್ತಿದ್ರು, ಮೋಡ ತಲೆ ಮೇಲೇ ಇತ್ತು. ಅಂಥ ದಿನ ಅಪ್ಪನ್ನ ಹೊಲದಿಂದ ಎಬ್ಬಿಸಿ ಬ್ಯಾಂಕಿಗೆ ಕರ್ಕೊಂಡು ಹೋಗ್ಬೇಕಾಯ್ತು. ನನ್ನ ಸ್ಕಾಲರ್‌ಶಿಪ್ ದುಡ್ಡಿಗೆ.

ನಾನಾಗ ದಾವಣಗೆರೆಲಿ ಬಿಎಸ್ಸಿ ಓದ್ತಿದ್ದೆ. ಬಿಸಿಎಂ ಹಾಸ್ಟೆಲ್‌ನಲ್ಲಿ ಸೀಟು ಸಿಕ್ಕಿರ್ಲಿಲ್ಲ, ನಾವು ಮೂರು ಜನ ಹುಡ್ಗೀರು ಸೇರಿ ಒಂದು ರೂಮು ಮಾಡ್ಕೊಂಡಿದ್ವಿ. ಹಾಸ್ಟೆಲ್ ಸಿಗದೆ ಹೊರಗಿದ್ದು ಓದೋ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಅಂತ ಇದೆ, ಆಗ ಊಟ ವಸತಿಗೆ ತಿಂಗಳಿಗೆ 1500ರಂಗೆ ಹತ್ತು ತಿಂಗಳಿಗೆ 15,000 ಬರ್ತಿತ್ತು. ನಮ್ಮದು ಪ್ರವರ್ಗ 1, ಆಗ ಮನೆ ಆದಾಯ ಎರಡೂವರೆ ಲಕ್ಷದ ಒಳಗಿದ್ರೆ ಆಗ್ತಿತ್ತು, ನಮ್ಮದು ಅದರ ಹತ್ರಕ್ಕೂ ಹೋಗಲ್ಲ. ಎಸ್‌ಎಸ್‌ಪಿ ಅನ್ನೋ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟಲ್ಲಿ ಅರ್ಜಿ ಹಾಕಿದ್ದೆ, ಜಾತಿ ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರು, ರೂಮಿನ ಅಡ್ರೆಸ್ಸು ಎಲ್ಲಾ ಸರಿಯಾಗೇ ಕೊಟ್ಟಿದ್ದೆ. ಆ 15,000 ಬಂದೇ ಬರುತ್ತೆ ಅಂತ ನಂಬ್ಕೊಂಡು ಅವ್ವ ಸಂಘದಲ್ಲಿ ಹತ್ತು ಸಾವಿರ ಸಾಲ ತೆಗೆದು ನನ್ನ ರೂಮಿನ ಅಡ್ವಾನ್ಸು, ಪರೀಕ್ಷೆ ಫೀಜು ಕಟ್ಟಿದ್ಲು, ವಾರ ವಾರ ಸೋಮವಾರ ಕಂತು.

ಫ್ರೆಂಡ್ಸಿಗೆಲ್ಲ ದುಡ್ಡು ಬಂತು, ನಂಗೆ ಬರ್ಲಿಲ್ಲ. ನಾನು ದಾವಣಗೆರೆಲಿ ಹೊಸ ಅಕೌಂಟ್ ಮಾಡಿಸಿದ್ದೆ, ದಿನಾ ಅದನ್ನೇ ಚೆಕ್ ಮಾಡೋದು, ಅದ್ರಲ್ಲಿ ಏನೂ ಇಲ್ಲ. ಕೊನೆಗೆ ನಮ್ಮ ಸೀನಿಯರ್ ಅಕ್ಕ ಒಬ್ರು ಸರ್ಕಾರದ ದುಡ್ಡು ಯಾವ ಬ್ಯಾಂಕಿಗೆ ಬಂತು ಅಂತ ತೋರ್ಸೋ ಡಿಬಿಟಿ ಆ್ಯಪಲ್ಲಿ ನನ್ನ ಆಧಾರ್ ಹಾಕಿ ನೋಡಿ, "ನಿಂಗೆ ದುಡ್ಡು ಬಂದು ಮೂರು ವಾರ ಆಗಿದೆ ಕಣೇ, ಇದ್ಯಾವ್ದೋ ಬೇರೆ ಬ್ಯಾಂಕು ತೋರಿಸ್ತಿದೆ" ಅಂದ್ರು. ನೋಡಿದ್ರೆ ನಮ್ಮ ಹೋಬಳಿ ಬ್ಯಾಂಕು, ನಾನು ಎಂಟನೇ ಕ್ಲಾಸಲ್ಲಿದ್ದಾಗ ಸ್ಕೂಲಿಂದ ಎಲ್ಲರಿಗೂ ಮಾಡಿಸಿದ್ದ ಜೀರೋ ಬ್ಯಾಲೆನ್ಸ್ ಅಕೌಂಟು, ಅಂಥದ್ದೊಂದು ಇದೆ ಅನ್ನೋದೇ ಮರ್ತುಹೋಗಿತ್ತು. ಈ ದುಡ್ಡು ಅಕೌಂಟ್ ನಂಬರ್ ನೋಡ್ಕೊಂಡು ಬರಲ್ಲ, ಆಧಾರ್ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದ್ಯೋ, ಅಂದ್ರೆ ಜೋಡಣೆ ಆಗಿದ್ಯೋ, ಅಲ್ಲಿಗೇ ಹೋಗುತ್ತೆ, ಹೊಸ ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಮ್ಯಾಪಿಂಗ್ ಬದಲಾಗಲ್ಲ, ಅದಕ್ಕೆ ಬೇರೆ ಫಾರಂ ಬರ್ಕೊಡಬೇಕು. ಇದನ್ನ ನಮಗೆ ಅರ್ಜಿ ಹಾಕೋ ದಿನವೇ ಯಾರಾದ್ರೂ ಹೇಳ್ಬೇಕಿತ್ತು. ಹೇಳೋರು ಮನೇಲಿ ಇದ್ದೋರಿಗೆ ಇದು ಎರಡು ನಿಮಿಷದ ಕೆಲ್ಸ.

ಬೆಳಗ್ಗೆ ಐದೂವರೆ ಬಸ್ಸಿಗೆ ಹೊರಟು ಊರಿಗೆ ಬಂದೆ. ಬ್ಯಾಂಕಲ್ಲಿ ಕೌಂಟರಿನೋರು ಕಂಪ್ಯೂಟರ್ ನೋಡಿ, ದುಡ್ಡು ಇದೆ ಆದ್ರೆ ತೆಗೆಯೋಕೆ ಬರಲ್ಲ, ಇದು ಮೈನರ್ ಅಕೌಂಟು, ಗಾರ್ಡಿಯನ್ ಅಂತ ನಿಮ್ಮ ತಂದೆ ಹೆಸ್ರಿದೆ, ಅವ್ರನ್ನ ಕರ್ಕೊಂಡು ಬಾ, ನಿನ್ನ ಕೆವೈಸಿನೂ ಹೊಸದಾಗಿ ಆಗ್ಬೇಕು ಅಂದ್ರು. ನನಗಾಗ್ಲೇ ಇಪ್ಪತ್ತು ವರ್ಷ.

ಹೊಲಕ್ಕೆ ಹೋಗಿ ಹೇಳೋಕೆ ನಾಲಿಗೆ ಏಳ್ಲಿಲ್ಲ. ಮುಯ್ಯಿಗೆ ಬಂದವ್ರನ್ನ ಬಿಟ್ಟು ಹೊಲದ ಯಜಮಾನ ಎದ್ದು ಹೋಗೋದು ಅಂದ್ರೆ ನಮ್ಮ ಕಡೆ ಅದು ಸಣ್ಣ ಮಾತಲ್ಲ. ಅಪ್ಪ ಕೈಗೆ ಮೆತ್ಕೊಂಡಿದ್ದ ಮಣ್ಣು ಒರೆಸ್ಕೊಂಡು ಮೋಡ ನೋಡ್ತು, ಅವ್ವನ್ನ ನೋಡ್ತು. ಅವ್ವ "ಹೋಗ್ಬರ್ರಿ, ತಾಟ್ಪಾಲು ಐತೆ, ನಾನು ನೋಡ್ಕಂತೀನಿ" ಅಂದ್ಲು. "ನಡಿಯವ್ವ ಹೋಗಾನ" ಅಂತ ಅಪ್ಪ ಅಂಗಿ ಕೂಡ ಬದಲಾಯಿಸದೆ ಹೊರಟೇಬಿಡ್ತು.

ಬ್ಯಾಂಕಲ್ಲಿ ಆವತ್ತು ಪೆನ್ಶನ್ ರಷ್ಷು. ಅಪ್ಪ ಕುರ್ಚಿ ಖಾಲಿ ಇದ್ರೂ ಕೂರ್ಲಿಲ್ಲ, ಗೋಡೆಗೆ ಒರಗಿ ನಿಂತು ಕಿಟಕಿಯಿಂದ ಮೋಡನೇ ನೋಡ್ತಿತ್ತು. ಎರಡು ಫೋಟೋ ಬೇಕು ಅಂದ್ರು, ಒಂದೇ ಇತ್ತು, ಸ್ಟುಡಿಯೋಗೆ ಓಡಿದೆ. ಬರೋವಷ್ಟರಲ್ಲಿ ಊಟದ ಟೈಮಾಗಿತ್ತು. ಆಮೇಲೆ ಆಧಾರಲ್ಲಿ ಇನಿಶಿಯಲ್ ಇಲ್ಲ, ಅಕೌಂಟಲ್ಲಿ ಇದೆ, ಎರಡೂ ಒಬ್ಬಳೇ ಅಂತ ಅರ್ಜಿ ಬರೆದುಕೊಡು ಅಂದ್ರು, ಬರೆದುಕೊಟ್ಟೆ. ಅಲ್ಲಿದ್ದೋರು ಕೆಟ್ಟವರೇನಲ್ಲ, ಆದ್ರೆ ಬೇಕಾಗಿದ್ದನ್ನೆಲ್ಲ ಒಂದೇ ಸಲ ಹೇಳಿಬಿಟ್ಟಿದ್ರೆ ಅಪ್ಪ ಹನ್ನೆರಡಕ್ಕೆಲ್ಲ ಹೊಲದಲ್ಲಿ ಇರ್ತಿತ್ತು ಅನ್ನೋದು ನಂಗೆ ಇವತ್ತಿಗೂ ಹೋಗದ ಸಂಕಟ. ಸ್ಕಾಲರ್‌ಶಿಪ್ ಬೇಕಾಗಿರೋದೇ ದಿನಗೂಲಿ ಮನೆಗಳಿಗೆ, ಅವ್ರಿಗೆ ಒಂದು ಕಾಗದ ಕಮ್ಮಿ ಆದ್ರೆ ಒಂದು ದಿನದ ಕೂಲಿ ಹೋದಂಗೆ.

ಮೂರು ಗಂಟೆಗೆ ಅಪ್ಪನ ಸೈನು ಕೇಳಿದ್ರು. ಅಪ್ಪನಿಗೆ ಹೆಸರು ಬರೆಯೋಕೆ ಬರುತ್ತೆ, ಅಷ್ಟೇ ಬರೋದು, ಒಂದೊಂದು ಅಕ್ಷರನೂ ನಿಧಾನಕ್ಕೆ, ಪೆನ್ನು ಒತ್ತಿ ಹಿಡ್ಕೊಂಡು. ಹಿಂದಿನ ಕ್ಯೂನಲ್ಲಿ ಯಾರೂ ಗದ್ದಲ ಮಾಡ್ಲಿಲ್ಲ. ಪಾಸ್‌ಬುಕ್ ಪ್ರಿಂಟ್ ಹಾಕಿಕೊಟ್ರು, ಎಂಟನೇ ಕ್ಲಾಸಿನ ನನ್ನ ಎರಡು ಜಡೆ ಫೋಟೋ ಇರೋ ಪಾಸ್‌ಬುಕ್ಕು, ಒಳಗೆ ಒಂದು ಸಾಲು 15,000. ಅಪ್ಪ ಆ ಸಾಲಿನ ಮೇಲೆ ಬೆರಳಿಟ್ಟು "ಇದೇನವ್ವ?" ಅಂತು. "ಇದೇ ಕಣಪ್ಪ" ಅಂದೆ.

ಇನ್ನು ನಾಲ್ಕು ದಿನಕ್ಕೆ ಆ್ಯಕ್ಟಿವ್ ಆಗುತ್ತೆ, ಆಮೇಲೆ ಇವಳೇ ಬಂದು ತಗೋಬೋದು, ಈಗ ಮೇಜರ್ ಅಲ್ವಾ, ಇವಳ ಸೈನೇ ಸಾಕು ಅಂದ್ರು ಮ್ಯಾನೇಜರ್ರು. ಅಪ್ಪ ಎರಡೆರಡು ಸಲ ಕೇಳ್ತು, "ಹಂಗಾರೆ ಇನ್ಮೇಲೆ ನಾನು ಬರಂಗಿಲ್ಲ ಅಲ್ವ ಸಾರ್?"

ವಾಪಸ್ ಬರ್ತಾ ದಾರಿಲೇ ಮಳೆ ಹನಿ ಶುರುವಾಯ್ತು. ಅಪ್ಪ ಪಾಸ್‌ಬುಕ್ಕನ್ನ ಅಂಗಿ ಒಳಗೆ ಇಟ್ಕೊಂಡು ದೊಡ್ಡ ದೊಡ್ಡ ಹೆಜ್ಜೆ ಹಾಕ್ತು. ಹೊಲದ ಹತ್ರ ಬಂದಾಗ ಅವ್ವ, ಪಕ್ಕದ ಹೊಲದ ದೊಡ್ಡಮ್ಮ ಇಬ್ರೂ ತಾಟ್ಪಾಲಿನ ತುದಿಗೆ ಕಲ್ಲು ಹೇರ್ತಿದ್ರು. ಅವ್ವ ತಲೆ ಎತ್ತಿ ಶೇಂಗಾ ಬಗ್ಗೆ ಒಂದು ಮಾತೂ ಆಡದೆ "ಬಂತಾ?" ಅಂತ ಕೇಳಿದ್ಲು. ನಾನು ಬಾಯಿ ತೆಗೆಯೋ ಮೊದ್ಲೇ ಅಪ್ಪ "ಬಂದೈತೆ" ಅಂತ ಹೇಳಿ ಒಂದು ಕಲ್ಲು ಎತ್ಕೊಂಡು ಆ ಕಡೆ ತುದಿಗೆ ಹೋಯ್ತು.