ಹೊಸ ಫರ್ಮ್‌ವೇರ್ ಬಂದ ದಿನ

ಕುವೆಂಪುನಗರದ ನಮ್ಮ ಮಹಡಿ ಕೋಣೆಯಲ್ಲಿ ನಾಲ್ವರು ಗಿಟಾರ್ ನುಡಿಸುತ್ತೇವೆ. ಎಲ್ಲರ ಬಳಿಯೂ ಆಂಪ್ ಮಾಡೆಲರ್‌ಗಳಿವೆ, ಅಂದರೆ ಗಿಟಾರ್ ಆಂಪ್ಲಿಫೈಯರ್‌ಗಳ ಧ್ವನಿಯನ್ನು ಅನುಕರಿಸುವ ಡಿಜಿಟಲ್ ಯಂತ್ರಗಳು. ಹಳೆಯ ಬಗೆಯ ಭಾರವಾದ ವಾಲ್ವ್ ಆಂಪ್ ಹೊತ್ತು ಮೆಟ್ಟಿಲೇರುವ ಸೊಂಟ ಯಾರಿಗೂ ಇಲ್ಲ. 1998ರಲ್ಲಿ ಬಂದ, ಅವರೆಕಾಳಿನಂತಿದ್ದ ಲೈನ್ 6 ಕಂಪನಿಯ ಕೆಂಪು ಮಾಡೆಲರ್ ‘ಪಾಡ್’ಗಿಂತ ಇವು ಬಹಳ ಮುಂದೆ ಹೋಗಿವೆ. ನಮ್ಮ ಸಹನೆ ಮಾತ್ರ ಅಲ್ಲೇ ಇದೆ.

ಕಳೆದ ತಿಂಗಳು ಗೆಳೆಯನೊಬ್ಬ ಸಂಜೆ ಕಾರ್ಯಕ್ರಮವಿಟ್ಟುಕೊಂಡು ಮಧ್ಯಾಹ್ನ ತನ್ನ ಮಾಡೆಲರ್‌ಗೆ ಹೊಸ ಫರ್ಮ್‌ವೇರ್, ಅಂದರೆ ಯಂತ್ರವನ್ನು ನಡೆಸುವ ಒಳಗಿನ ತಂತ್ರಾಂಶ, ಹಾಕಲು ಕುಳಿತ. ಪ್ರಿಸೆಟ್‌ಗಳ, ಅಂದರೆ ತಾನು ಉಳಿಸಿಟ್ಟ ಧ್ವನಿ ಹೊಂದಾಣಿಕೆಗಳ, ಬ್ಯಾಕಪ್ ಇರಲಿಲ್ಲ. ಅರ್ಧದಲ್ಲಿ ಕರೆಂಟ್ ಹೋಯಿತು. ನನಗೆ ಕರೆ ಮಾಡಿ, ‘ಕೆಟ್ಟುಹೋಯಿತು, ಏನಾದರೂ ಹೇಳು’ ಎಂದ. ಏನು ಹೇಳಲಿ? ಹಳೆಯ ಆವೃತ್ತಿ ಯಾವುದು, ಯುಎಸ್‌ಬಿ ಕೇಬಲ್ ನೇರವಾಗಿತ್ತೇ ಹಬ್ ಮೂಲಕವೇ, ಪರದೆಯ ಮೇಲೆ ಏನು ಕಾಣುತ್ತಿದೆ, ಇಷ್ಟನ್ನು ಅವನ ಬಾಯಿಂದ ಹೊರಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಸಹಾಯ ಕೇಳುವವನು ಇವನ್ನು ಮೊದಲೇ ಹೇಳುವುದು ಕನಿಷ್ಠ ಮರ್ಯಾದೆ.

ನಾನೇನು ಸಾಚಾ ಅಲ್ಲ. ಒಮ್ಮೆ ಅಪ್‌ಡೇಟ್ ಮಾಡಿದ ಮೇಲೆ ಧ್ವನಿ ಜೇನುನೊಣದಂತೆ ಕರಕರ ಎನ್ನುತ್ತಿತ್ತು. ಎರಡು ದಿನ ತಯಾರಕರನ್ನು ಸಿಕ್ಕಸಿಕ್ಕವರೆದುರು ಬೈದೆ. ಕೊನೆಗೆ ನೋಡಿದರೆ, ಧ್ವನಿಯ ಕರ್ಕಶತೆ ತಗ್ಗಿಸುವ ಸ್ಪೀಕರ್ ಪೆಟ್ಟಿಗೆಯ ಅನುಕರಣೆಯನ್ನು ನಾನೇ ಆಫ್ ಮಾಡಿಟ್ಟಿದ್ದೆ! ಬೈದದ್ದನ್ನು ಕೇಳಿದವರಿಗೆಲ್ಲ ಮತ್ತೆ ಹೋಗಿ ಅದನ್ನೂ ಹೇಳಿದೆ. ಒಬ್ಬರು ಇನ್ನೂ ನಗುತ್ತಾರೆ.

‘ಮುಂದಿನ ಅಪ್‌ಡೇಟ್ ಯಾವಾಗ?’ ಎಂದು ದಿನವೂ ಕೇಳುವವರ ಬಗ್ಗೆ ಬರೆಯುವುದಿಲ್ಲ. ಕಾಸು ಕೊಡದೆ ಸಿಗುವ ಪಾಯಸಕ್ಕೆ ಗೋಡಂಬಿ ಕಡಿಮೆ ಎನ್ನುವ ಜಾತಿ ಅದು.

ಅಂದ ಹಾಗೆ, ಕರೆಂಟ್ ಹೋಗಿ ಕೆಟ್ಟ ಆ ಗೆಳೆಯನ ಯಂತ್ರ, ಕೆಟ್ಟಾಗ ಸರಿಪಡಿಸಲೆಂದೇ ಇರುವ ರಿಕವರಿ ಮೋಡ್‌ನಿಂದ ಎದ್ದುಕೂತಿತು. ಪ್ರಿಸೆಟ್‌ಗಳು ಹೋದವು. ಅಂದು ಸಂಜೆ ಅವನು ನನ್ನ ಮಾಡೆಲರ್ ಹಿಡಿದು ನುಡಿಸಿದ.