ಮೊಬೈಲಿಗೆ ಆಂಟಿವೈರಸ್ ಹಾಕಿಸ್ಬೇಕಾ?

ಮೈಸೂರಿನಲ್ಲಿ ನನ್ನದೊಂದು ಚಿಕ್ಕ ಮೊಬೈಲ್ ರಿಪೇರಿ ಅಂಗಡಿ ಇದೆ. ಡಿಸ್‌ಪ್ಲೇ ಬದಲಾಯಿಸಲು ಬಂದವರು, ಗ್ಲಾಸ್ ಅಂಟಿಸಿಕೊಳ್ಳಲು ಬಂದವರು, ಎಲ್ಲರೂ ಹೊರಡುವ ಮುಂಚೆ ಕೇಳುವುದು ಒಂದೇ: "ಹಾಗೇ ಒಂದು ಆಂಟಿವೈರಸ್ ಹಾಕ್ಬಿಡಿ, ಎಷ್ಟಾಗುತ್ತೆ?" ಬೇಡ ಬಿಡಿ ಅಂದರೆ ಅನುಮಾನದಿಂದ ನೋಡುತ್ತಾರೆ. ಬರುವ ದುಡ್ಡನ್ನು ಬೇಡ ಅನ್ನುವ ಅಂಗಡಿಯವನನ್ನು ಯಾರು ನಂಬುತ್ತಾರೆ, ಅಲ್ವಾ?

ಈ ಪ್ರಶ್ನೆ ಬಂದಿರುವುದು ಕಂಪ್ಯೂಟರ್ ಕಾಲದಿಂದ. ಆಗ ಯಾರದೋ ಪೆನ್‌ಡ್ರೈವ್ ಚುಚ್ಚಿದರೆ ಸಾಕು, ಇಡೀ ಸಿಸ್ಟಂ ಕೆಟ್ಟು ಕೂರುತ್ತಿತ್ತು. ಒಂದು ಪ್ರೋಗ್ರಾಂ ಒಳಗೆ ಬಂದರೆ ಯಾವ ಫೈಲಿಗೆ ಬೇಕಾದರೂ ಕೈ ಹಾಕಬಹುದಿತ್ತು. ಫೋನ್ ಹಾಗಲ್ಲ. ಅದು ನಮ್ಮ ಹಳೇ ಮೈಸೂರಿನ ವಠಾರ ಇದ್ದ ಹಾಗೆ. ಪ್ರತಿ ಆ್ಯಪ್‌ಗೂ ಬೇರೆ ಮನೆ, ಬೇರೆ ಬೀಗ. ನೀವು ದುಡ್ಡು ಕೊಟ್ಟು ತರುವ ಆಂಟಿವೈರಸ್ಸೂ ಅಲ್ಲೊಬ್ಬ ಬಾಡಿಗೆದಾರ ಅಷ್ಟೇ. ಪಕ್ಕದ ಮನೆಯೊಳಗೆ ಏನು ನಡೀತಿದೆ ಅಂತ ಹೋಗಿ ನೋಡುವ ಹಕ್ಕು ಅದಕ್ಕಿಲ್ಲ. ಬಂದ ಆ್ಯಪ್ ಎಂಥದ್ದು ಅಂತ ಬಾಗಿಲಲ್ಲಿ ನಿಂತು ಹೇಳಬಹುದು. ಆ ಕೆಲಸವನ್ನು ಆಂಡ್ರಾಯ್ಡ್ ಫೋನಿನಲ್ಲೇ ಇರುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ 2017ರಿಂದ ಬಿಟ್ಟಿಯಾಗಿ ಮಾಡುತ್ತಿದೆ. ಐಫೋನಿನಲ್ಲಂತೂ ಒಂದು ಆ್ಯಪ್ ಇನ್ನೊಂದನ್ನು ತಪಾಸಣೆ ಮಾಡುವ ಹಾಗೇ ಇಲ್ಲ.

ಹಾಗಂತ ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ವೈರಸ್ ಬರೋದೇ ಇಲ್ಲ ಅಂತಲ್ಲ. 2000ದಲ್ಲೇ ಪಾಮ್ ಅನ್ನುವ ಅಂಗೈ ಕಂಪ್ಯೂಟರಿಗೆ ಬಂದಿತ್ತು. 2004ರಲ್ಲಿ ಕಬೀರ್ ಅನ್ನುವ ಹುಳ ಸಿಂಬಿಯನ್ ಅನ್ನುವ ಆಪರೇಟಿಂಗ್ ಸಿಸ್ಟಂ ಇದ್ದ ನೋಕಿಯಾದಂಥ ಫೋನುಗಳಿಗೆ ಬ್ಲೂಟೂತ್‌ನಲ್ಲಿ ಹರಿದು ಬಂತು. ಅದರಲ್ಲಿ ಒಂದು ತಮಾಷೆ ಇದೆ. ಅದು ತಾನಾಗಿ ನುಗ್ಗುತ್ತಿರಲಿಲ್ಲ. ಒಳಗೆ ಬರಲಾ ಅಂತ ಕೇಳುತ್ತಿತ್ತು. ಬೇಡ ಅಂದರೆ ಮತ್ತೆ ಕೇಳುತ್ತಿತ್ತು. ಬೇಸತ್ತು ಜನ ಎಸ್ ಒತ್ತಿಬಿಡುತ್ತಿದ್ದರು.

ಈಗಲೂ ಕಳ್ಳ ಕೇಳಿಯೇ ಒಳಗೆ ಬರುತ್ತಾನೆ. ಮದ್ದೂರಿನ ಕಡೆ ಇರುವ ನಮ್ಮ ಅತ್ತೆಗೆ ಹೋದ ವರ್ಷ ವಾಟ್ಸಾಪ್‌ನಲ್ಲಿ ಒಂದು ಲಗ್ನಪತ್ರಿಕೆ ಬಂತು. ಕಳಿಸಿದ್ದು ಗೊತ್ತಿದ್ದವರ ನಂಬರಿನಿಂದಲೇ. ಫೈಲಿನ ಹೆಸರು 'ಮದುವೆ ಆಮಂತ್ರಣ', ಕೊನೆಯಲ್ಲಿ ಎಪಿಕೆ ಅನ್ನುವ ಮೂರಕ್ಷರ. ಅಂದರೆ ಅದು ಪತ್ರಿಕೆಯಲ್ಲ, ಆ್ಯಪ್. ಫೋನು ಎರಡು ಸಲ ಎಚ್ಚರಿಸಿತ್ತಂತೆ. "ಅದೇನೋ ಇಂಗ್ಲಿಷಲ್ಲಿ ಕೇಳ್ತು ಕಣಪ್ಪ, ಪತ್ರಿಕೆ ನೋಡ್ಬೇಕಲ್ಲ, ಒತ್ತುದೆ" ಅಂದರು. ಅದು ಎಸ್‌ಎಂಎಸ್ ಓದುವ ಪರ್ಮಿಷನ್ ಕೇಳಿ ಪಡೆದುಕೊಂಡು, ತನ್ನ ಐಕಾನ್ ಬಚ್ಚಿಟ್ಟುಕೊಂಡು ಕೂತಿತು. ಬ್ಯಾಂಕಿನ ಓಟಿಪಿ ಬಂದದ್ದೆಲ್ಲ ಕಳ್ಳನಿಗೂ ಹೋಯಿತು. ಖಾತೆಯಿಂದ 18,000 ರೂಪಾಯಿ ಮಾಯ. ಸಾಲದ್ದಕ್ಕೆ ಅದೇ ಪತ್ರಿಕೆ ಅತ್ತೆಯ ಹೆಸರಲ್ಲಿ ಊರಿಗೆಲ್ಲ ಹೋಗಿತ್ತು.

ಆ ಫೋನಿನಲ್ಲಿ ಆಂಟಿವೈರಸ್ ಇತ್ತು. ಯಾವುದೋ ಅಂಗಡಿಯವರು ದುಡ್ಡು ತಗೊಂಡು ಹಾಕಿಕೊಟ್ಟಿದ್ದರು. ನಾನು ಕೈಗೆ ತಗೊಂಡಾಗಲೂ ಅದು ಹಸಿರು ಟಿಕ್ ತೋರಿಸುತ್ತಾ, ಎಲ್ಲಾ ಸರಿಯಾಗಿದೆ ಅನ್ನುತ್ತಿತ್ತು.

ಅದಕ್ಕೇ ಈಗ ಯಾರಾದರೂ ಕೇಳಿದರೆ ನಾನು ಅವರ ಫೋನ್ ಇಸಿದುಕೊಂಡು ಸೆಟ್ಟಿಂಗ್ಸ್‌ನಲ್ಲಿ ಎರಡು ಕಡೆ ನೋಡುತ್ತೇನೆ. 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಅನ್ನುವಲ್ಲಿ (ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಆ್ಯಪ್ ಹಾಕಲು ಒಪ್ಪಿಗೆ ಕೊಡುವ ಜಾಗ ಅದು) ವಾಟ್ಸಾಪ್, ಕ್ರೋಮ್, ಫೈಲ್ ಮ್ಯಾನೇಜರ್ ಎಲ್ಲವೂ ಆಫ್ ಇರಬೇಕು. ಆಮೇಲೆ 'ಆ್ಯಕ್ಸೆಸಿಬಿಲಿಟಿ'. ಕಣ್ಣು ಕಾಣದವರಿಗೆ, ಕೈ ಆಡದವರಿಗೆ ಅನುಕೂಲ ಆಗಲಿ ಅಂತ ಮಾಡಿದ್ದು ಅದು. ಅದನ್ನು ಪಡೆದ ಆ್ಯಪ್ ಸ್ಕ್ರೀನ್ ಮೇಲಿರುವುದನ್ನು ಓದಬಹುದು, ನಿಮ್ಮ ಬದಲು ಬಟನ್ ಒತ್ತಬಹುದು. ಅಲ್ಲಿ ಹೆಸರೇ ಕೇಳದ ಆ್ಯಪ್ ಕಂಡರೆ ನನಗೆ ಎದೆ ಧಸಕ್ ಅನ್ನುತ್ತೆ.

ಅಪ್‌ಡೇಟ್ ಬಂದರೆ ಹಾಕಿಕೊಳ್ಳಿ. ಅಪ್‌ಡೇಟ್ ಬರುವುದೇ ನಿಂತುಹೋದ ಹಳೇ ಫೋನಾದರೆ ಹಾಡು ಕೇಳಲು ಇಟ್ಟುಕೊಳ್ಳಿ, ಫೋನ್‌ಪೇ ಬೇಡ. ಐಫೋನ್ ಇದೆ ಅಂತ ಬೀಗುವವರಿಗೆ ಒಂದು ಮಾತು: ಪೆಗಾಸಸ್ ಅನ್ನುವ ದುಬಾರಿ ಬೇಹುಗಾರಿಕೆ ಸಾಫ್ಟ್‌ವೇರ್ ಐಫೋನಿನೊಳಕ್ಕೂ ಹೊಕ್ಕಿತ್ತು. ನನ್ನ ಗಿರಾಕಿಗಳ ಮೇಲೆ ಅಷ್ಟು ಖರ್ಚು ಮಾಡುವವರು ಯಾರೂ ಇಲ್ಲ, ಅದು ಬೇರೆ ಮಾತು.

ದುಡ್ಡು ಹೋಗಿದ್ದು ಗೊತ್ತಾದರೆ ಮೊದಲು ಆ ಫೋನಿನ ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ತಡ ಮಾಡಿದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಓಡುತ್ತಿರುತ್ತೆ. ನನ್ನ ಹತ್ತಿರ ಆಮೇಲೆ ಬನ್ನಿ, ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಫ್ಯಾಕ್ಟರಿ ರೀಸೆಟ್ ಮಾಡೋಣ.

ಮೊನ್ನೆ ಅತ್ತೆ ಫೋನ್ ಮಾಡಿದ್ದರು. ಇನ್ನೊಂದು ಪತ್ರಿಕೆ ಬಂದಿದೆಯಂತೆ, ತೆಗೀಲಾ ಬೇಡವಾ ಅಂತ. ಯಾರ ಮದುವೆ ಅಂತ ಕೇಳಿದೆ. "ಅದ ನೋಡಾಕೇ ಒಳಿಕ್ ಹೋಗ್ಬೇಕಲ್ಲಾ!" ಅಂದರು. ಮುಟ್ಟಬೇಡಿ, ಕಳಿಸಿದವರಿಗೇ ಫೋನ್ ಮಾಡಿ ಕೇಳಿ ಅಂದೆ. ಅವರ ಮನೆಯಲ್ಲಿ ಮದುವೆ ವಯಸ್ಸಿನವರು ಯಾರೂ ಇಲ್ಲವಂತೆ.