ಪ್ರಾಗ್‌ನ ಅರಮನೆ ತೋಟಗಳು: ಮೇಲಿನಿಂದ ಇಳಿಯುತ್ತಾ ನೋಡಿ

ಪ್ರಾಗ್‌ಗೆ ಹೋಗುವವರು ಮಾಲಾ ಸ್ಟ್ರಾನಾಗೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಕೋಟೆಗುಡ್ಡದ ಬುಡದಲ್ಲಿರುವ ಈ ಹಳೇ ಬಡಾವಣೆಯ ತುಂಬ ದೊಡ್ಡ ಮನೆತನದವರು ಕಟ್ಟಿಸಿದ ಅರಮನೆಗಳಿವೆ. ಈಗ ಹಲವದರಲ್ಲಿ ರಾಯಭಾರ ಕಚೇರಿಗಳೋ ಸರ್ಕಾರಿ ಕಚೇರಿಗಳೋ ಇವೆ, ಸುಮ್ನೆ ಒಳಗೆ ಬಿಡುವುದಿಲ್ಲ. ಆದರೆ ಕೆಲವು ತೋಟಗಳಿಗೆ ಯಾರು ಬೇಕಾದರೂ ಹೋಗಬಹುದು. ನನ್ನನ್ನು ಕೇಳಿದರೆ ನೋಡಬೇಕಾದದ್ದೂ ಅವೇ. ಏಪ್ರಿಲ್‌ನಿಂದ ಅಕ್ಟೋಬರ್ ಒಳಗೆ ಹೋಗಿ. ಚಳಿಗಾಲದಲ್ಲಿ ಮುಖ್ಯವಾದವು ಮುಚ್ಚಿರುತ್ತವೆ.

ನಮ್ಮ ಜೊತೆ ಅಪ್ಪ ಅಮ್ಮ ಇದ್ದರು. ಅಮ್ಮನಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಹಾಗಾಗಿ 22ನೇ ನಂಬರ್ ಟ್ರಾಮ್‌ನಲ್ಲಿ ಮೊದಲು ಕೋಟೆಗೆ ಹೋಗಿ, ಅಲ್ಲಿಂದ ಲೆಡೆಬೂರ್, ಪಾಲ್ಫಿ ತೋಟಗಳ ಮೂಲಕ ಇಳಿದೆವು. ಕಡಿದಾದ ಗುಡ್ಡವನ್ನೇ ಹಂತ ಹಂತವಾಗಿ ಕಟ್ಟಿದ್ದಾರೆ. ಪ್ರತಿ ತಿರುವಿನಲ್ಲೂ ಕೆಂಪು ಹೆಂಚಿನ ಮಾಡುಗಳು ಇನ್ನಷ್ಟು ಹತ್ತಿರ ಕಾಣುತ್ತವೆ. ಇಲ್ಲಿಗೆ ಟಿಕೆಟ್ ಬೇಕು. ಕೋಟೆ ಕಡೆಯ ಗೇಟು ಅವತ್ತು ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ.

ಕೆಳಗಿಳಿದರೆ ಹತ್ತಿರದಲ್ಲೇ ವಾಲೆನ್‌ಸ್ಟೈನ್ ತೋಟ. ಪ್ರವೇಶ ಉಚಿತ. ಆಲ್ಬ್ರೆಕ್ಟ್ ವಾಲೆನ್‌ಸ್ಟೈನ್ ಹ್ಯಾಬ್ಸ್‌ಬರ್ಗ್ ರಾಜಮನೆತನದ ಚಕ್ರವರ್ತಿಯ ಸೇನಾಪತಿ. ಇಪ್ಪತ್ತಕ್ಕೂ ಹೆಚ್ಚು ಮನೆಗಳನ್ನು ಕೆಡವಿಸಿ 1623ರಲ್ಲಿ ಅರಮನೆ ಶುರು ಮಾಡಿದ. ಅದೇ ಚಕ್ರವರ್ತಿಗೆ ಇವನ ಮೇಲೆ ಅನುಮಾನ ಬಂದು, 1634ರಲ್ಲಿ ಇವನ ಕೊಲೆಯಾಯಿತು. ಈಗ ಅರಮನೆಯಲ್ಲಿ ಚೆಕ್ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಇದೆ. ದಾರಿಯ ಎರಡೂ ಬದಿ ನಿಂತ ಕಂಚಿನ ವಿಗ್ರಹಗಳು ನಕಲುಗಳು. ಮೂಲ ವಿಗ್ರಹಗಳನ್ನು 1648ರಲ್ಲಿ ಸ್ವೀಡನ್ ಸೈನಿಕರು ಹೊತ್ತೊಯ್ದರು, ಅವು ಸ್ಟಾಕ್‌ಹೋಮ್ ಬಳಿಯ ಡ್ರೊಟ್ನಿಂಗ್‌ಹೋಮ್‌ನಲ್ಲಿವೆ. ನೋಡಿ ಎಷ್ಟು ಸಂಕಟ ಅನಿಸುತ್ತದೆ ಅಲ್ವಾ?

ಇಲ್ಲಿನ ಬೂದು ಗೋಡೆಯೊಂದನ್ನು ತಪ್ಪಿಸಬೇಡಿ. ಗುಹೆಯೊಳಗೆ ಕಲ್ಲು ತೊಟ್ಟಿಕ್ಕಿ ಇಳಿಬಿದ್ದ ಹಾಗೆ ಕೈಯಿಂದಲೇ ಮಾಡಿದ್ದು. ಸ್ವಲ್ಪ ಹೊತ್ತು ದಿಟ್ಟಿಸಿ. ಹಾವು, ಕಪ್ಪೆ, ವಿಕಾರವಾದ ಮುಖ ಒಂದೊಂದೇ ಹೊರಬರುತ್ತವೆ. ಅಪ್ಪ ಅಲ್ಲಿಂದ ಕದಲಲೇ ಇಲ್ಲ. ಪಕ್ಕದಲ್ಲೇ ನವಿಲುಗಳು ಓಡಾಡುತ್ತಿರುತ್ತವೆ. ಮಕ್ಕಳಿದ್ದರೆ ಇಲ್ಲೇ ಜಾಸ್ತಿ ಸಮಯ ಇಟ್ಟುಕೊಳ್ಳಿ.

ಕೊನೆಗೆ ವರ್ತ್ಬಾ ತೋಟ. ಕಾರ್ಮೆಲಿಟ್ಸ್ಕಾ ಬೀದಿಯಲ್ಲಿ ಒಂದು ಸಾಮಾನ್ಯ ಬಾಗಿಲು ದಾಟಿ ಅಂಗಳಕ್ಕೆ ಹೋಗಬೇಕು. ಹೊರಗಿನಿಂದ ತೋಟದ ಸುಳಿವೇ ಸಿಗುವುದಿಲ್ಲ. 1720ರ ಸುಮಾರಿನ ಈ ತೋಟಕ್ಕೆ ವಿಗ್ರಹಗಳನ್ನು ಕೆತ್ತಿದವನು ಮಥಿಯಾಸ್ ಬ್ರೌನ್. ಜಾಗ ಚಿಕ್ಕದು, ಟಿಕೆಟ್ ಇದೆ. ಮೇಲಿನ ಹಂತಕ್ಕೆ ಮೆಟ್ಟಿಲು ಹತ್ತಲೇಬೇಕು. ಅಮ್ಮ ಕೆಳಗೇ ಬೆಂಚಿನಲ್ಲಿ ಕುಳಿತರು. ಕಲ್ಲು ಹಾಸಿದ ಬೀದಿಗಳಲ್ಲೇ ಓಡಾಟ, ಅದಕ್ಕೆ ಒಳ್ಳೆಯ ಶೂ ಹಾಕಿಕೊಳ್ಳಿ. ವಾಪಸ್ ಹೋಗಲು ಮಾಲೊಸ್ಟ್ರಾನ್ಸ್ಕೆ ಚೌಕದಲ್ಲಿ ಅದೇ 22ನೇ ಟ್ರಾಮ್ ಸಿಗುತ್ತದೆ.